ಈಡುಗಾಯಿಗೆ ಹೋದವರು ಕಾಯಿ ಮರೆತಿದ್ದರು

ನನ್ನ ಬಾಯಿ ದೊಡ್ಡದು. ಇದು ನಾನು ಹೊಸದಾಗಿ ಕಂಡುಕೊಂಡದ್ದಲ್ಲ, ನಮ್ಮ ಅತ್ತೆ ಬದುಕಿದ್ದಷ್ಟು ದಿನ ಮನೆಗೆ ಬಂದವರಿಗೆ ಕಾಫಿ ಕೊಡುವಾಗ ಜೊತೆಗೆ ಈ ಮಾತನ್ನೂ ಕೊಡುತ್ತಿದ್ದರು. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ದಾರದ ಡಬ್ಬಿಗೆ ಫೋನು ಒರಗಿಸಿಟ್ಟುಕೊಂಡು, ಬ್ಲೌಸ್ ಹೊಲಿಯುತ್ತಾ, ಊರಿನ ಕಥೆ ಹೇಳುತ್ತೇನೆ. ಮೆಷಿನ್ನಿನ ಕಟಕಟ ಹಿಂದೆ, ನನ್ನ ವಟವಟ ಮುಂದೆ. ಜನ ನೋಡುತ್ತಾರೆ, ನಗುತ್ತಾರೆ, ಹಂಚುತ್ತಾರೆ. ನನಗೂ ಅದರ ರುಚಿ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಯಾವುದೋ ದೇಶದಲ್ಲಿ ಯಾರೋ ಒಬ್ಬ ದೊಡ್ಡ ಕಂಪನಿಯ ಯಜಮಾನನಿಗೆ ಗುಂಡು ಹೊಡೆದ ಸುದ್ದಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಸತ್ತವನ ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ, ಹೊಡೆದವನದ್ದೂ ಇಲ್ಲ. ಆದರೆ ಓದಿದ ತಕ್ಷಣ ನನ್ನ ಹೊಟ್ಟೆ ತಣ್ಣಗಾಯಿತು. ಒಬ್ಬ ಮನುಷ್ಯ ಸತ್ತ ಸುದ್ದಿಗೆ ಹಾಗಾಗಬಾರದು. ನನಗೆ ಆಯಿತು. ತಕ್ಷಣ ಫೋನು ಒರಗಿಸಿಟ್ಟು ಶುರು ಮಾಡಿದೆ: "ಕೇಳಿ ಮಾರಾಯ್ರೆ, ನಮ್ಮಲ್ಲೂ ಇದಾರೆ ಇಂಥವರು. ಗೇಟ್ ಹಾಕ್ಕೊಂಡು ಕೂತವರು. ಅವರನ್ನ ಎಂತ ಮಾಡ್ಬೇಕು ಗೊತ್ತಾ? ದೇವಸ್ಥಾನದ ಮುಂದೆ ಈಡುಗಾಯಿ ಒಡೀತೀವಲ್ಲ, ಹಂಗೆ! ಒಂದೇ ಏಟಿಗೆ!"

ಕೈಯಲ್ಲಿದ್ದ ದಾರದ ಉಂಡೆಯನ್ನು ನೆಲಕ್ಕೆ ಬಡಿದು ತೋರಿಸಿದೆ. ಅದು ಪುಟಿದು ಮೆಷಿನ್ನಿನ ಕೆಳಗೆ ಹೋಯಿತು. ಜನರಿಗೆ ಅದೇ ಬಹಳ ಇಷ್ಟವಾಯಿತು.

ಆ ಗೇಟಿನ ಕಥೆ ಹೇಳದೆ ಮುಂದಕ್ಕೆ ಹೋದರೆ ನಿಮಗೆ ಅರ್ಥವಾಗುವುದಿಲ್ಲ.

ನನ್ನ ಅಕ್ಕನನ್ನು ಕೊಟ್ಟಿದ್ದು ಎನ್.ಆರ್.ಪುರದ ಕಡೆಗೆ. ಅವರ ಮನೆಯಿಂದ ಡಾಂಬರು ರಸ್ತೆಗೆ ಬರಲು ಒಂದು ಕಾಫಿ ಎಸ್ಟೇಟಿನ ಒಳಗೆ ಹಳೆಯ ಮಣ್ಣುದಾರಿ ಇತ್ತು. ಎಸ್ಟೇಟಿನ ಹಿಂದಿನ ಸಾಹುಕಾರರು ಜಿಪುಣರೇ, ಆದರೆ ದಾರಿಗೆ ಅಡ್ಡ ಬಂದವರಲ್ಲ. ಅವರ ಮಕ್ಕಳು ಅದನ್ನು ಯಾವುದೋ ಕಂಪನಿಗೆ ಮಾರಿದರು. ಕಂಪನಿ ಅಲ್ಲಿ ರೆಸಾರ್ಟು ಮಾಡಿತು. ಡಾಂಬರು ರಸ್ತೆಯ ಕಡೆ ಕಲ್ಲಿನ ಕಮಾನು, ಅದು ಬರುವ ಅತಿಥಿಗಳಿಗೆ ಸದಾ ತೆರೆದಿರುತ್ತದೆ. ಅಕ್ಕನ ಮನೆಯ ಕಡೆಗೆ ಕಬ್ಬಿಣದ ಗೇಟು. ಗೇಟಿನ ಮೇಲೆ ಪ್ಲಾಸ್ಟಿಕ್ ಹಾಕಿದ ಒಂದು ಹಾಳೆ: ಹೊರಗಿನ ವಾಹನಗಳನ್ನು ಬಿಡಬಾರದು, ಆಜ್ಞೆ ಎಂ.ಡಿ.ಯವರದ್ದು. ಕೆಳಗೆ ಅವರ ಸಹಿ. ಆ ಸಹಿಯನ್ನು ಬಿಟ್ಟರೆ ಆ ಮನುಷ್ಯನನ್ನು ಊರಲ್ಲಿ ಯಾರೂ ಕಂಡವರಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಅಕ್ಕನಿಗೆ ಎದೆನೋವು ಬಂತು. ಭಾವ ಜೀಪಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಗೇಟಿನ ಹತ್ತಿರ ಬಂದರು. ಗೇಟಿನಲ್ಲಿ ಕಾವಲಿಗಿದ್ದವನು ಪಕ್ಕದ ಹಳ್ಳಿಯವನೇ, ಹಿಂದೆ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದವನು. "ಒಂದು ನಿಮಿಷ ತಡೀರಿ ಅಣ್ಣ, ಕೇಳಿ ಹೇಳ್ತೀನಿ" ಅಂದ. ಮ್ಯಾನೇಜರಿಗೆ ಫೋನು ಮಾಡಿದ. ಮ್ಯಾನೇಜರು ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಮೇಲಿನವರು ಮೀಟಿಂಗಿನಲ್ಲಿದ್ದರು. ಇಪ್ಪತ್ತು ನಿಮಿಷ ಕಾದು ಭಾವ ಜೀಪು ತಿರುಗಿಸಿ ಹೊಳೆ ಬದಿಯ ಸುತ್ತುದಾರಿ ಹಿಡಿದರು. ಅರ್ಧ ದಾರಿಯಲ್ಲಿ ಅಕ್ಕ ಮಾತು ನಿಲ್ಲಿಸಿದಳು. "ಸ್ವಲ್ಪ ಮುಂಚೆ ಬಂದಿದ್ರೆ ನೋಡಬಹುದಿತ್ತು" ಎಂದರು ಆಸ್ಪತ್ರೆಯ ಡಾಕ್ಟರು. ಆ ಒಂದು ಮಾತು ಅವರು ಹೇಳದೆ ಇದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಆಮೇಲೆ ಭಾವ ಹತ್ತದ ಕಚೇರಿ ಇಲ್ಲ. ಖಾಸಗಿ ಜಾಗ ಅಂದರು, ನಕ್ಷೆಯಲ್ಲಿ ದಾರಿ ಇಲ್ಲ ಅಂದರು, ಅರ್ಜಿ ಕೊಟ್ಟು ಹೋಗಿ ಅಂದರು. ಭಾವ ಕೊಟ್ಟು ಹೋದರು.

ಅಂಥ ಭಾವ ನನ್ನ ವಿಡಿಯೋಗಳಿಗೆ ಯಾವತ್ತೂ ಏನೂ ಬರೆದವರಲ್ಲ. ಈಡುಗಾಯಿ ವಿಡಿಯೋ ಹಾಕಿದ ದಿನ ಮಾತ್ರ ಅವರಿಂದ ಒಂದು ಮೆಸೇಜು ಬಂತು. "ಸರಿಯಾಗಿ ಹೇಳಿದೆ." ಅಷ್ಟೇ. ನಾನು ಅದಕ್ಕೊಂದು ಕೈಮುಗಿಯುವ ಚಿತ್ರ ಒತ್ತಿ, ಗಿರಾಕಿಯ ತೋಳಿನ ಅಳತೆ ತೆಗೆಯಲು ಎದ್ದೆ. ನೋಡಿ ನನ್ನ ಬುದ್ಧಿ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದಳು. ಪಿಯುಸಿ ಓದುವ ಹುಡುಗಿ, ಅವಳಿಗೆ ಈಗ ಇರುವುದು ಅಪ್ಪ ಒಬ್ಬರೇ.

"ಚಿಕ್ಕಮ್ಮ, ಅಪ್ಪ ನಿಮ್ಮಲ್ಲಿಗೆ ಬಂದ್ರಾ?"

"ಇಲ್ವಲ್ಲೇ, ಎಂತಕ್ಕೆ?"

"ಶೃಂಗೇರಿಗೆ ಹೋಗ್ತೀನಿ, ಈಡುಗಾಯಿ ಒಡ್ಕೊಂಡು ಬರ್ತೀನಿ ಅಂದ್ರು. ಕಾಯಿ ಸುಲಿದು ಜಗುಲಿ ಮೇಲೆ ಇಟ್ಟಿದ್ದೆ. ಅದು ಇಲ್ಲೇ ಇದೆ."

"ಮರ್ತಿರ್ಬೇಕು ಬಿಡು. ಅಲ್ಲೇ ಅಂಗಡೀಲಿ ತಗೋತಾರೆ."

ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. "ಕೋವಿನೂ ಇಲ್ಲ ಚಿಕ್ಕಮ್ಮ."

ನಮ್ಮ ಕಡೆ ಕೋವಿ ಇರುವುದು ದೊಡ್ಡ ಸಂಗತಿಯಲ್ಲ. ಹಂದಿ, ಮಂಗ ಓಡಿಸಲು ಲೈಸೆನ್ಸು ಇರುತ್ತದೆ, ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರುತ್ತಾರೆ, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಾರೆ. ಭಾವನದ್ದು ಅವರ ಅಜ್ಜನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಹಾಕಿ, ಸೀಸದ ಚರೆ ಹಾಕಿ, ಸರಳಿನಿಂದ ಗುದ್ದಿ ತುಂಬುವಂಥದ್ದು. ಹೊಡೆಯುವ ಮುಂಚೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಕೇಪು ಸಿಕ್ಕಿಸಬೇಕು. ಆದರೆ ದೇವಸ್ಥಾನಕ್ಕೆ ಹೋಗುವವರು ಕಾಯಿ ಬಿಟ್ಟು ಕೋವಿ ತೆಗೆದುಕೊಂಡು ಹೋದದ್ದನ್ನು ನಾನು ಕೇಳಿರಲಿಲ್ಲ.

"ನಿನ್ನೆ ಯಾರಾದ್ರೂ ಬಂದಿದ್ರಾ ಮನೆಗೆ?"

"ಗೇಟಿನ ಮಾಮ ಬಂದಿದ್ರು, ಹಾಲು ಕೇಳ್ಕೊಂಡು. ಅವರ ದೊಡ್ಡ ಸಾಹೇಬ್ರು ಇವತ್ತು ಶೃಂಗೇರಿಗೆ ಬರ್ತಾರಂತೆ, ಅಲ್ಲಿ ಪೂಜೆ ಮುಗಿಸಿ ರೆಸಾರ್ಟಿಗೆ ಬರ್ತಾರಂತೆ ಅಂತ ಹೇಳ್ತಿದ್ರು."

ಮೆಷಿನ್ನಿನ ಮೇಲೆ ಯಾರದ್ದೋ ಮದುವೆಯ ಬ್ಲೌಸಿನ ಅರ್ಧ ತೋಳು ಹಾಗೇ ಇತ್ತು. ಶಟರ್ ಎಳೆದು ಬಸ್ ಸ್ಟ್ಯಾಂಡಿಗೆ ಓಡಿದೆ. ಭಾವನಿಗೆ ಫೋನು ಮಾಡಿದೆ, ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ಸ್ವಿಚ್ ಆಫ್.

ನಮ್ಮ ಪ್ರೈವೇಟ್ ಬಸ್ಸುಗಳಿಗೆ ಅವಸರ ಎಂಬುದು ಇನ್ನೊಂದು ಬಸ್ಸು ಹಿಂದೆ ಕಂಡಾಗ ಮಾತ್ರ. ಆ ದಿನ ಹಿಂದೆ ಯಾವ ಬಸ್ಸೂ ಇರಲಿಲ್ಲ. ಡ್ರೈವರು ಹತ್ತುವವರಿಗಿಂತ ಕೈ ಬೀಸುವವರಿಗೇ ಹೆಚ್ಚು ನಿಲ್ಲಿಸಿದ. ಹರಿಹರಪುರದಲ್ಲಿ ಇಳಿದು ಎಲೆಅಡಿಕೆ ಹಾಕಿಕೊಂಡು ಬಂದ. ನಾನು ಸೀಟಿನ ಕಂಬಿ ಹಿಡಿದು ಎದ್ದು ನಿಂತೇ ಇದ್ದೆ.

"ಕೂತ್ಕೊಳ್ಳಿ ಅಕ್ಕ, ಸೀಟಿದೆ. ನಿಂತ್ರೆ ಬಸ್ಸು ಬೇಗ ಹೋಗುತ್ತಾ?" ಕಂಡಕ್ಟರು ನಕ್ಕ.

ಪಕ್ಕದ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. "ನೀವು ಈಡುಗಾಯಿ ಅಕ್ಕ ಅಲ್ವಾ? ನಮ್ಮನೇವ್ರು ದಿನಾ ಹಾಕ್ತಾರೆ ಅದನ್ನ. ಬರೋಬ್ಬರಿ ಹೇಳಿದೀರಿ ನೋಡಿ. ಹೊಡಿಬೇಕು ಅಂಥವರಿಗೆ."

"ಹೂಂ" ಅಂದೆ. ನನ್ನ ದೊಡ್ಡ ಬಾಯಿಗೆ ಅವತ್ತು ಅಷ್ಟೇ ಬಂದದ್ದು.

ಠಾಣೆಯ ನಂಬರು ನನ್ನ ಫೋನಿನಲ್ಲಿತ್ತು. ಪೊಲೀಸರ ಪ್ಯಾಂಟು ಸಣ್ಣ ಮಾಡುವುದು, ಹೆಚ್ಚಾಗಿ ದೊಡ್ಡ ಮಾಡುವುದು, ನಾನೇ. ಒಂದು ಮಾತು ಹೇಳಿದ್ದರೆ ಆ ಎಂ.ಡಿ.ಯ ಜೀವ ಖಂಡಿತ ಉಳಿಯುತ್ತಿತ್ತು. ಆದರೆ ತುಂಬಿದ ಕೋವಿಯ ಜೊತೆ ಭಾವ ಸಿಕ್ಕಿಬೀಳುತ್ತಿದ್ದರು, ಹುಡುಗಿ ಒಂಟಿಯಾಗುತ್ತಿದ್ದಳು. ಹೆಬ್ಬೆರಳು ನಂಬರಿನ ಮೇಲೆ ಇಟ್ಟೆ, ತೆಗೆದೆ, ಇಟ್ಟೆ. ಮಾಡಲಿಲ್ಲ. ಅದು ಸರಿಯಾದದ್ದಲ್ಲ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಬದಲಿಗೆ ಏನು ಹೇಳಿ ಭಾವನನ್ನು ತಡೆಯುವುದು ಎಂದು ಯೋಚಿಸಿದೆ. ಕೊಲ್ಲುವುದು ಪಾಪ ಅನ್ನಲೇ? ಪಾಪದ ಲೆಕ್ಕ ಆ ಸಹಿ ಹಾಕಿದವನಿಗೆ ಯಾಕಿಲ್ಲ ಎಂದು ಕೇಳುತ್ತಾರೆ. ಕಾನೂನು ಇದೆ ಅನ್ನಲೇ? ಅರ್ಜಿ ಕೊಟ್ಟ ಕಚೇರಿಗಳ ಮೆಟ್ಟಿಲು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ ಅನ್ನಲೇ? ನನ್ನ ಅಕ್ಕನಿಗೂ ಗಂಡ, ಮಗಳು ಇದ್ದರು. ಬಸ್ಸು ಒಂದೊಂದು ತಿರುವು ತಿರುಗಿದಾಗಲೂ ಒಂದೊಂದು ಮಾತು ಕೈಬಿಟ್ಟು ಹೋಯಿತು. ಕೊನೆಗೆ ಉಳಿದದ್ದು "ನಿಮ್ಮ ಮಗಳು" ಎಂಬುದೊಂದೇ. ಹಾಗಾದರೆ ಮಗಳಿಲ್ಲದಿದ್ದರೆ ಹೊಡೆಯಬಹುದಿತ್ತೇ? ಅಷ್ಟರಲ್ಲಿ ಶೃಂಗೇರಿ ಬಂತು.

ಜೀಪು ಗಾಡಿ ನಿಲ್ಲಿಸುವ ಜಾಗದಲ್ಲೇ ಇತ್ತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಹಿಂದಿನ ಸೀಟಿನ ಕೆಳಗೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತು. ಕೋವಿ ಇಲ್ಲೇ ಇದೆ! ಒಂದು ಉಸಿರು ಕೆಳಗಿಳಿಯಿತು. ಹಾಗಾದರೆ ಭಾವ ಎಲ್ಲಿ?

ಅವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕ ತೀರಿಹೋದ ಮೇಲೆ ಮೊದಲ ಸಲ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನೋಡಿದೆ.

"ಬಂದ್ಯಾ? ಕೂತ್ಕೋ ಮಾರಾಯ್ತಿ, ಏದುಸಿರು ಬಿಡ್ತಾ ಇದೀಯ."

"ಭಾವ, ಎಂತ ಮಾಡಿದ್ರಿ?"

"ಎಂತ ಮಾಡ್ಲಿಲ್ಲ. ಅವ ಬರ್ಲೇ ಇಲ್ಲ."

ನಾನು ಪಕ್ಕದ ಮೆಟ್ಟಿಲ ಮೇಲೆ ಕೂತೆ. ಭಾವ ನೀರನ್ನು ನೋಡುತ್ತಲೇ ಹೇಳಿದರು.

"ಕಂಪನಿ ಕಾರು ಬಂತು. ಒಬ್ಬ ಹುಡುಗ ಇಳ್ದ, ನಮ್ಮೋಳಿಗಿಂತ ನಾಲ್ಕೈದು ವರ್ಷ ದೊಡ್ಡವ ಇರ್ಬೇಕು. ಪಂಚೆ ಉಟ್ಕೊಳ್ಳಕ್ಕೇ ಬರಲ್ಲ ಅವನಿಗೆ, ಕೈಲಿ ಹಿಡ್ಕೊಂಡೇ ನಡಿತಿದ್ದ. ದೊಡ್ಡವ ಹಿಂದೆ ಬರ್ತಾನೇನೋ, ಮುಖ ಗುರುತು ಮಾಡ್ಕೊಂಡು ಆಮೇಲೆ ಜೀಪಿಗೆ ಹೋಗೋದು ಅಂತ ನಾನೂ ಸೇವೆ ಚೀಟಿ ಮಾಡಿಸೋ ಸಾಲಲ್ಲಿ ಅವನ ಬೆನ್ನಿಗೇ ನಿಂತೆ. ಚೀಟಿ ಬರಿಯೋರು ಹೆಸರು ಕೇಳಿದ್ರು. ಇವ ಫೋನು ನೋಡಿ ಎಂ.ಡಿ. ಹೆಸರು ಹೇಳ್ದ. ಅವರು ಬಂದಿದಾರಾ ಅಂದ್ರು. ಇಲ್ಲ ಸಾರ್, ಅವರ ಪರವಾಗಿ ನಾನು ಅಂದ. ಗೋತ್ರ ಕೇಳಿದ್ರು."

ಭಾವ ನಿಲ್ಲಿಸಿದರು. ಅವರ ಮುಖದಲ್ಲಿ ನಗುವಿನಂಥದ್ದೇನೋ ಬಂತು, ನನಗೆ ಅದು ಅಳುವಿಗಿಂತ ಕಷ್ಟವಾಯಿತು.

"ಅದಕ್ಕೆ ಆ ಹುಡುಗ ಎಂತ ಅಂದ ಗೊತ್ತಾ? ಒಂದು ನಿಮಿಷ ತಡೀರಿ, ಕೇಳಿ ಹೇಳ್ತೀನಿ ಅಂದ."

ಅದೇ ಮಾತು. ಗೇಟಿನ ಮಾತು.

"ಫೋನು ಮಾಡ್ದ. ಯಾರೂ ಎತ್ಲಿಲ್ಲ. ನಮ್ಮ ಹಿಂದೆ ಸಾಲಲ್ಲಿ ಜನ ಬೈತಿದಾರೆ, ಇವ ಬೆವರ್ತಾ ಇದಾನೆ. ನೋಡ್ದೆ ಅವನ ಕುತ್ತಿಗೆ ಹಿಂದೆ. ಇಷ್ಟು ಹತ್ರ ಇತ್ತು. ದೇವರ ಹತ್ರಕ್ಕೂ ಅವ ಬರಲ್ಲ ಮಾರಾಯ್ತಿ, ಆಳು ಕಳಿಸ್ತಾನೆ. ಈಡು ಹೊಡೆದ್ರೆ ಆಳಿಗೇ ತಾಗೋದು."

ಯಾತ್ರಿಕರು ಮೀನಿಗೆ ಮಂಡಕ್ಕಿ ಎಸೆಯುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ.

"ಅವನೇ ಬಂದಿದ್ರೆ ಭಾವ?"

"ಅದನ್ನ ನನ್ನ ಕೇಳ್ಬೇಡ. ಬೆಳಿಗ್ಗೆ ಕೋವಿ ತುಂಬುವಾಗ ಒಂದು ಕಾಳು ಮದ್ದೂ ಚೆಲ್ಲಲಿಲ್ಲ. ನಂಗೆ ಅಷ್ಟೇ ಗೊತ್ತಿರೋದು."

"ನಾನು ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ಅವತ್ತು."

"ಬಾಯಿಗೆ ಬಂದಿದ್ದಲ್ಲ. ಹೊಟ್ಟೇಲಿದ್ದಿದ್ದು ಹೇಳ್ದೆ. ನಂಗೂ ಅದೇ ಇತ್ತು. ನೀನು ಹೇಳ್ದೆ, ನಾನು ತುಂಬ್ದೆ."

ಅವರು ಬೈದಿದ್ದರೆ ಒಳ್ಳೆಯದಿತ್ತು.

ವಾಪಸ್ ಜೀಪಿನಲ್ಲಿ ಹೊರಟೆವು. ತುಂಬಿದ ಕೋವಿ ಹಿಂದೆ ಮಲಗಿದೆ ಎಂಬುದು ಪ್ರತಿ ಗುಂಡಿಯಲ್ಲೂ ನನ್ನ ಬೆನ್ನಿಗೆ ನೆನಪಾಗುತ್ತಿತ್ತು. "ಕೇಪು ಹಾಕಿಲ್ಲ, ಎಂತ ಆಗಲ್ಲ" ಎಂದು ಭಾವ ಮೂರು ಸಲ ಹೇಳಿದರು. ಕೊಪ್ಪ ಬಂದಾಗ ನಾನು ಇಳಿಯಲಿಲ್ಲ. ಈ ಮನುಷ್ಯ ಒಬ್ಬರೇ ಮನೆ ಮುಟ್ಟುವುದು ನನಗೆ ಬೇಡವಾಗಿತ್ತು.

"ಮದ್ದು ತೆಗೆದು ಹಾಕಕ್ಕೆ ಆಗಲ್ವಾ ಭಾವ?"

"ತುಂಬಿದ ಮೇಲೆ ಅದಕ್ಕಿರೋದು ಒಂದೇ ದಾರಿ. ಬಂದ ಬಾಯಿಂದಾನೇ ಹೋಗ್ಬೇಕು."

ಸುತ್ತುದಾರಿ ಮುಗಿದು ಮನೆಯ ತಿರುವು ಸಿಕ್ಕಿತು. ಭಾವ ತಿರುಗಿಸಲಿಲ್ಲ. ಜೀಪು ನೆಟ್ಟಗೆ ಗೇಟಿನ ಕಡೆಗೆ ಹೋಯಿತು.

"ಭಾವ, ಮನೆಗೆ ಹೋಗನ."

"ತುಂಬಿದ್ದನ್ನ ಮನೆಗೆ ತಗೊಂಡು ಹೋಗಲ್ಲ. ಮಗಳಿದಾಳೆ."

ಗೇಟಿನ ಪಕ್ಕದಲ್ಲಿ, ದಾರಿಗೆಂದು ಗುಡ್ಡ ಕಡಿದಲ್ಲಿ, ಎತ್ತರದ ಮಣ್ಣಿನ ಧರೆ ಇದೆ. ಭಾವ ಜೀಪು ನಿಲ್ಲಿಸಿ ಇಳಿದು, ಗೋಣಿ ಬಿಚ್ಚಿ, ಜೇಬಿನಿಂದ ಕೇಪು ತೆಗೆದು ಹಾಕಿದರು. ನಾನು ಅವರ ತೋಳು ಹಿಡಿದುಕೊಂಡೆ. ಅವರು ನನ್ನ ಕೈ ಬಿಡಿಸಲಿಲ್ಲ, ಕೋವಿಯ ಬಾಯಿ ಧರೆಯ ಕಡೆ ತಿರುಗಿಸಿದರು, ಅಷ್ಟೇ. ಆಮೇಲೆ ಹೊಡೆದರು.

ನಮ್ಮ ಕಡೆ ಈಡಿನ ಸದ್ದು ಹೊಸದಲ್ಲ. ಆದರೆ ಹಾಡಹಗಲು, ಗೇಟಿನ ಮಗ್ಗುಲಲ್ಲೇ! ಧರೆಯ ಮಣ್ಣು ಉದುರುತ್ತಿರುವಾಗಲೇ ಗೇಟು ಕಿರ್ ಎಂದು ಪೂರ್ತಿ ತೆರೆಯಿತು. ಕಾವಲಿನವನು ಚಪ್ಪಲಿ ಬಿಟ್ಟು ಓಡಿ ಬಂದ.

"ಅಣ್ಣಾ! ಎಂತಾಯ್ತು ಅಣ್ಣಾ? ಯಾರಿಗೆ ತಾಗ್ತು?"

ಭಾವ ಅವನನ್ನು ನೋಡಿದರು. ಆಮೇಲೆ ಅವನ ಹಿಂದೆ ನೋಡಿದರು. ಹೊಗೆ ಇನ್ನೂ ನಮ್ಮ ಮೂವರ ನಡುವೆ ನಿಂತಿತ್ತು.

"ಗೇಟ್ ತೆಗೆದ್ಯಲ್ಲ," ಭಾವ ಮೆಲ್ಲಗೆ ಅಂದರು. "ಯಾರನ್ನ ಕೇಳ್ದೆ?"

ಅವನು ತಿರುಗಿ ನೋಡಿದ. ತಾನೇ ತೆರೆದ ಗೇಟನ್ನು ಯಾರೋ ತೆರೆದಿಟ್ಟಂತೆ ನೋಡಿದ.

"ಕೇಳಕ್ಕೆ... ಮರ್ತೋಯ್ತು ಅಣ್ಣ."

ಮರೆತು ಹೋಯಿತಂತೆ. ಕಾರ್ತಿಕದ ಆ ಬೆಳಿಗ್ಗೆ ಮರೆತಿದ್ದರೆ ಸಾಕಿತ್ತಲ್ಲ, ನನ್ನಪ್ಪಾ. ಅವನೂ ಅದನ್ನೇ ಯೋಚಿಸಿದ ಎಂದು ಕಾಣುತ್ತದೆ, ಧರೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಭಾವ ಕೋವಿಯನ್ನು ಜೀಪಿನಲ್ಲಿಟ್ಟು ಅವನ ತಲೆಯ ಮೇಲೆ ಕೈಯಿಟ್ಟರು, ತೆಗೆದರು. "ಹೋಗ್ಲಾ ಒಳಗೆ?" ಎಂದು ಕೇಳಿದರು. ಅವನು ತಲೆ ಎತ್ತದೆ ಕೈ ಮಾಡಿದ.

ಆ ದಾರಿಯಲ್ಲಿ ಕಾಫಿ ಗಿಡಗಳ ನಡುವೆ ಜೀಪು ಹೋಯಿತು. ಭಾವ ಅವಸರ ಮಾಡಲಿಲ್ಲ. ಕಮಾನು ದಾಟಿ ಡಾಂಬರು ರಸ್ತೆಗೆ ಬಂದು ನಿಲ್ಲಿಸಿ ಕೈಗಡಿಯಾರ ನೋಡಿದರು.

"ಒಂಬತ್ತು ನಿಮಿಷ," ಅಂದರು.

ಅವತ್ತು ಅಕ್ಕ ಮಲಗಿದ್ದ ಹಿಂದಿನ ಸೀಟಿನ ಕಡೆಗೆ ನಾವಿಬ್ಬರೂ ತಿರುಗಲಿಲ್ಲ. ವಾಪಸ್ ಸುತ್ತುದಾರಿಯಲ್ಲೇ ಬಂದೆವು. ಮನೆಯಲ್ಲಿ ಹುಡುಗಿ ಜಗುಲಿಯ ಮೇಲೆ ಸುಲಿದ ಕಾಯಿಯ ಪಕ್ಕದಲ್ಲೇ ಕೂತಿದ್ದಳು. ಅಪ್ಪನನ್ನು ಕಂಡವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಭಾವ ಆ ಬಾಗಿಲಿನ ಹೊರಗೆ ನೆಲದ ಮೇಲೆ ಕೂತರು. ಅಲ್ಲಿಯೂ ಯಾರೂ ಬೇಗ ತೆರೆಯಲಿಲ್ಲ.

ವಿಡಿಯೋ ಅಳಿಸಿದೆ. ಅದು ಅಷ್ಟರಲ್ಲಿ ಎಷ್ಟು ಫೋನುಗಳಿಗೆ ಹೋಗಿತ್ತೋ. ಈಗಲೂ ಯಾರೋ ಒಬ್ಬರು ಬಸ್ಸಿನಲ್ಲಿ "ಈಡುಗಾಯಿ ಅಕ್ಕ" ಅನ್ನುತ್ತಾರೆ. ಇದನ್ನು ಓದಿ ಕೆಲವರು ಬರೆಯುತ್ತೀರಿ, ನನಗೆ ಗೊತ್ತು: ನೋಡಿದ್ರಾ ಅಕ್ಕ, ಅರ್ಜಿಗೆ ತೆರೆಯದ ಗೇಟು ಈಡಿಗೆ ತೆರೀತು. ಹೌದು, ತೆರೆಯಿತು. ಆ ಮಾತು ನನ್ನನ್ನೂ ರಾತ್ರಿಯಿಡೀ ಹೊರಳಾಡಿಸಿದೆ. ಆದರೆ ಅದು ಹೆದರಿ ತೆರೆದದ್ದಲ್ಲ. ಯಾರಿಗೋ ತಾಗಿತು ಎಂದು ಒಬ್ಬ ಮನುಷ್ಯ ಓಡಿ ಬಂದ, ಅದಕ್ಕೆ ತೆರೆಯಿತು. ಈ ಎರಡರ ನಡುವಿನ ವ್ಯತ್ಯಾಸವನ್ನು ನಿಮಗೆ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ವ್ಯತ್ಯಾಸ ಇದೆ ಎಂಬುದು ಮಾತ್ರ ಗೊತ್ತು.

ಒಂದು ವಾರ ಕಳೆದ ಮೇಲೆ ಗೇಟಿನ ಕಾವಲಿನವನು ನನ್ನ ಅಂಗಡಿಗೆ ಬಂದ. ಗೇಟಿನಲ್ಲಿ ಕ್ಯಾಮೆರಾ ಇತ್ತಂತೆ, ಧರೆಯ ಕಡೆ ಅದಕ್ಕೆ ಕಾಣುವುದಿಲ್ಲವಂತೆ. ಕೇಳದೆ ತೆರೆದದ್ದಕ್ಕೆ ಕೆಲಸದಿಂದ ತೆಗೆದಿದ್ದರು. ಈಡು ಧರೆಗೆ ಹೋಯಿತೆಂದು ನಾವು ಅಂದುಕೊಂಡಿದ್ದೆವು, ತಾಗಿದ್ದು ಇವನಿಗೆ. ಕೈಯಲ್ಲಿ ಒಗೆದು ಮಡಿಸಿದ ಯೂನಿಫಾರಂ ಶರ್ಟು.

"ಇದರ ಜೇಬಿನ ಮೇಲಿರೋ ಕಂಪನಿ ಹೆಸರು ಬಿಚ್ಚಿ ಕೊಡಿ ಅಕ್ಕ. ಶರ್ಟು ಚೆನ್ನಾಗಿದೆ, ಹಾಕ್ಕೋಬಹುದು."

ಬ್ಲೇಡು ತಗೊಂಡು ಒಂದೊಂದೇ ಹೊಲಿಗೆ ಬಿಡಿಸುತ್ತಾ ಕೂತೆ. ಬಟ್ಟೆ ಹರಿಯಬಾರದಲ್ಲ, ಅದಕ್ಕೆ ಹೊತ್ತು ಹಿಡಿಯಿತು. ಅವನು ಸ್ಟೂಲಿನ ಮೇಲೆ ಕೂತು ದಾರದ ಡಬ್ಬಿಯನ್ನೇ ನೋಡುತ್ತಿದ್ದ.

"ಇದಕ್ಕೇ ಅಲ್ವಾ ಫೋನ್ ಒರಗಿಸೋದು? ನಿಮ್ಮ ವಿಡಿಯೋ ನೋಡ್ತಿರ್ತೀನಿ ಅಕ್ಕ. ಗೇಟಲ್ಲಿ ಕೂತು ನೋಡಿ ನೋಡಿ ಲೈಕ್ ಒತ್ತೋದೇ ಕೆಲ್ಸ. ಈಡುಗಾಯಿದಕ್ಕೂ ಒತ್ತಿದ್ದೆ."

ನಾನು ಕೊನೆಯ ಅಕ್ಷರದ ಹೊಲಿಗೆಗೆ ಬ್ಲೇಡು ಹಾಕಿದೆ. ಹೆಸರು ಪೂರ್ತಿ ಬಂತು. ಜೇಬಿನ ಮೇಲೆ ಸೂಜಿಯ ತೂತುಗಳು ಹಾಗೇ ಉಳಿದವು, ಕಣ್ಣು ಹತ್ತಿರ ತಂದರೆ ಓದಲು ಬರುವಷ್ಟು.

"ಎರಡು ಒಗೆತ ಆದ್ರೆ ಹೋಗ್ತದೆ" ಅಂದೆ.

"ಹೋಗ್ತದಾ?" ಅಂದ.